ದೋಣಿಯಲ್ಲಿ ಹೋಗೋಣವೇ, ದಡದಿಂದಲೇ ಇಳಿಯೋಣವೇ? ಸ್ನಾರ್ಕೆಲಿಂಗ್‌ಗೆ ಹೊರಡುವ ನಮ್ಮ ಕುಟುಂಬಗಳಿಗೆ ಕೆಲವು ಮಾತು



ಹಿಂದೂಪುರ, ಕಲ್ಯಾಣದುರ್ಗ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಪ್ರವಾಸ ಎಂದರೆ ಬಹಳ ಕಾಲ ತಿರುಪತಿ, ಮಂತ್ರಾಲಯ, ಧರ್ಮಸ್ಥಳ, ಶೃಂಗೇರಿ ಎಂದೇ ಅರ್ಥವಿತ್ತು. ಈಗ ಮಕ್ಕಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆ ಪಟ್ಟಿಗೆ ಅಂಡಮಾನ್, ಲಕ್ಷದ್ವೀಪ, ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪಗಳೂ ಸೇರಿಕೊಂಡಿವೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗಿಳಿದದ್ದನ್ನು ನೋಡಿದ ಮೇಲಂತೂ ‘ನಾವೂ ಒಮ್ಮೆ ಸಮುದ್ರದ ಒಳಗೆ ನೋಡಬೇಕು’ ಎನ್ನುವ ಆಸೆ ಎಷ್ಟೋ ಮನೆಗಳಲ್ಲಿ ಹುಟ್ಟಿದೆ.

ಹೀಗೆ ಹೊರಡುವವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ದುಡ್ಡು ಕೊಟ್ಟು ಗೈಡ್ ಇರುವ ದೋಣಿಯಲ್ಲಿ ಹೋಗುವುದು ಒಳ್ಳೆಯದೋ, ಮಾಸ್ಕ್ ಬಾಡಿಗೆಗೆ ತೆಗೆದುಕೊಂಡು ದಡದಿಂದಲೇ ನಡೆದು ಇಳಿಯುವುದು ಒಳ್ಳೆಯದೋ? ಈ ಸಲದ ಲೇಖನ ಅದರ ಬಗ್ಗೆ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಇದನ್ನು ಖರ್ಚಿನ ಲೆಕ್ಕದಲ್ಲಾಗಲಿ, ಚೆನ್ನಾಗಿ ಈಜುವವರ ಲೆಕ್ಕದಲ್ಲಾಗಲಿ ತೀರ್ಮಾನಿಸಬಾರದು. ಗುಂಪಿನಲ್ಲಿ ಯಾರಿಗೆ ಈಜು ಬಾರದೋ ಅವರ ಲೆಕ್ಕದಲ್ಲಿ, ಅವರು ನೀರಿನಲ್ಲಿರುವಾಗ ಅವರ ಮೇಲೆ ಯಾರ ಕಣ್ಣು ಇರುತ್ತದೆ ಎನ್ನುವ ಲೆಕ್ಕದಲ್ಲಿ ತೀರ್ಮಾನಿಸಬೇಕು.

ಕೆರೆಯ ಈಜು ಬೇರೆ, ಕಡಲ ಈಜು ಬೇರೆ

ನಮ್ಮದು ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ನಮ್ಮಲ್ಲಿ ಈಜು ಕಲಿತವರು ಕಪಿಲೆ ಬಾವಿಯಲ್ಲೋ, ತುಂಬಿದ ವರ್ಷ ಊರ ಕೆರೆಯಲ್ಲೋ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಕಲಿತವರು. ಕಲ್ಯಾಣದುರ್ಗದ ಕಡೆಯವರಿಗೆ ದೊಡ್ಡ ನೀರು ಎಂದರೆ ಭೈರವಾನಿ ತಿಪ್ಪ ಜಲಾಶಯ. ಇವೆಲ್ಲ ನಿಂತ ನೀರು. ಬಾವಿಯಲ್ಲಿ ಎಷ್ಟು ಆಳವಿದ್ದರೂ ನಾಲ್ಕು ಮಾರು ಕೈ ಬೀಸಿದರೆ ಮೆಟ್ಟಿಲು ಸಿಗುತ್ತದೆ. ಸಮುದ್ರದಲ್ಲಿ ನೀರೇ ನಡೆಯುತ್ತಿರುತ್ತದೆ. ನಾವು ಸುಮ್ಮನೆ ತೇಲುತ್ತಿದ್ದರೂ ಹತ್ತು ನಿಮಿಷದಲ್ಲಿ ಎಲ್ಲಿಗೋ ಹೋಗಿರುತ್ತೇವೆ. ತಲೆ ಕೆಳಗೆ ಮಾಡಿ ಮೀನು ನೋಡುತ್ತಿದ್ದರೆ ಅದು ಗೊತ್ತಾಗುವುದೂ ಇಲ್ಲ.

ಒಂದು ಸಂಗತಿ ನಮಗೆ ಅನುಕೂಲವಾಗಿದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಆದ್ದರಿಂದ ಬಾವಿ ನೀರಿಗಿಂತ ಅದರಲ್ಲಿ ದೇಹ ಸುಲಭವಾಗಿ ತೇಲುತ್ತದೆ. ಲೈಫ್ ಜಾಕೆಟ್ ಹಾಕಿದರೆ ಈಜು ಬಾರದವರೂ ತೇಲಿಕೊಂಡು ನೋಡಬಹುದು. ಸ್ನಾರ್ಕೆಲಿಂಗ್ ಎಂದರೆ ಇಷ್ಟೇ: ಕಣ್ಣು ಮೂಗು ಮುಚ್ಚುವ ಮಾಸ್ಕ್, ಬಾಯಲ್ಲಿ ಕಚ್ಚುವ ಕೊಳವೆ, ಮುಖ ನೀರಿನಲ್ಲಿ, ಕೊಳವೆಯ ತುದಿ ಗಾಳಿಯಲ್ಲಿ. ಸ್ಕೂಬಾದ ಹಾಗೆ ಬೆನ್ನಿಗೆ ಸಿಲಿಂಡರ್ ಇಲ್ಲ, ಆಳಕ್ಕೆ ಹೋಗುವುದೂ ಇಲ್ಲ. ನೀರಿನೊಳಗೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಮೀನು ಕೈಗೆ ಸಿಕ್ಕಿತು ಎನ್ನಿಸುವುದು ಅದಕ್ಕೇ.

‘ದೋಣಿ’ ಎಂಬ ಮಾತಿಗೆ ಎರಡು ಅರ್ಥ

ಪ್ಯಾಕೇಜ್ ಮಾರುವವರು ‘ಬೋಟ್ ಸ್ನಾರ್ಕೆಲಿಂಗ್’ ಎಂದಾಗ ಎರಡು ಬೇರೆ ಬೇರೆ ವಿಷಯಗಳನ್ನು ಹೇಳುತ್ತಿರಬಹುದು. ಹಾಗಾಗಿ ಆಯ್ಕೆ ಎರಡಲ್ಲ, ಮೂರು.

ಮೊದಲನೆಯದು, ದೋಣಿಯಿಂದ ನೇರವಾಗಿ ಆಳದ ನೀರಿಗೆ ಇಳಿಯುವುದು. ನಮ್ಮ ಕರ್ನಾಟಕದ ನೇತ್ರಾಣಿ ಇದಕ್ಕೆ ಒಳ್ಳೆಯ ಉದಾಹರಣೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಕಡಲಿನಲ್ಲಿರುವ ಬಂಡೆಯ ದ್ವೀಪ ಅದು. ಹೋಗಲು ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಲ್ಲಿ ಮರಳ ದಂಡೆಯಲ್ಲಿ ನಿಂತು ಮೆಲ್ಲಗೆ ಇಳಿಯುವ ಮಾತಿಲ್ಲ. ದೋಣಿ ಲಂಗರು ಹಾಕಿದ ಕಡೆ ಏಣಿ ಹಿಡಿದು ನೀರಿಗೆ ಇಳಿಯಬೇಕು, ಕಾಲಿಗೆ ನೆಲ ಸಿಗುವುದಿಲ್ಲ.

ಎರಡನೆಯದು, ದೋಣಿ ಬರೀ ಬಸ್ಸಿನಂತೆ ಒಯ್ದು ಒಂದು ಬೀಚಿಗೆ ಬಿಡುವುದು, ಅಲ್ಲಿಂದ ಗೈಡ್ ಜೊತೆ ನಡೆದು ಇಳಿಯುವುದು. ಅಂಡಮಾನ್‌ನಲ್ಲಿ ಹೆಚ್ಚಿನದು ಈ ಬಗೆಯದು. ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್ ಹೀಗೆಯೇ. ಅಲ್ಲಿಗೆ ಜೆಟ್ಟಿಯಿಂದ ದೋಣಿಯಲ್ಲೂ ಹೋಗಬಹುದು, ಕಾಡಿನ ದಾರಿಯಲ್ಲಿ ನಡೆದೂ ಹೋಗಬಹುದು. ಪೋರ್ಟ್ ಬ್ಲೇರ್ ಹತ್ತಿರದ ನಾರ್ತ್ ಬೇ, ವಂಡೂರಿನಿಂದ ಹೊರಡುವ ಜಾಲಿ ಬಾಯ್ ದ್ವೀಪಗಳೂ ಇದೇ ಪಟ್ಟಿಗೆ ಸೇರುತ್ತವೆ. ಇಂಥ ಕಡೆ ಸಾಮಾನ್ಯವಾಗಿ ಗೈಡ್ ಒಂದು ರಬ್ಬರ್ ಬಳೆಯನ್ನು ಹಿಡಿದು ಎಳೆದುಕೊಂಡು ಹೋಗುತ್ತಾನೆ, ನಾವು ಅದನ್ನು ಹಿಡಿದು ತೇಲುತ್ತೇವೆ.

ಮೂರನೆಯದು, ಉಳಿದುಕೊಂಡ ಕಡೆಯಿಂದಲೇ ನಡೆದು ನೀರಿಗಿಳಿಯುವುದು. ನೀಲ್ ದ್ವೀಪದ ಭರತ್‌ಪುರ ಬೀಚ್ ಇದಕ್ಕೆ ಹೆಸರಾದದ್ದು. ಆದರೆ ದಡದ ಸ್ನಾರ್ಕೆಲಿಂಗ್‌ಗೆ ಹೇಳಿ ಮಾಡಿಸಿದ ಜಾಗ ಲಕ್ಷದ್ವೀಪ. ಅಲ್ಲಿ ಹವಳದ ದಿಬ್ಬವೇ ಕೋಟೆ ಗೋಡೆಯಂತೆ ಅಲೆಯನ್ನು ಹೊರಗೇ ತಡೆಯುತ್ತದೆ. ಗೋಡೆಯ ಒಳಗಿನ ಆಳ ಕಡಿಮೆಯ, ಶಾಂತ ನೀರಿಗೆ ಲಗೂನ್ ಎನ್ನುತ್ತಾರೆ. ಕಡ್ಮತ್, ಬಂಗಾರಂ, ಅಗತ್ತಿಗಳಲ್ಲಿ ಇಂಥ ಲಗೂನ್‌ಗಳಿವೆ. (ಅಮಿನಿ, ಕಡ್ಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು. ಕನ್ನಡ ನಾಡು ಒಂದಾದ ದಿನವೇ ಅವು ಕೇಂದ್ರಾಡಳಿತಕ್ಕೆ ಹೋದವು.) ಲಕ್ಷದ್ವೀಪಕ್ಕೆ ಮೊದಲೇ ಪ್ರವೇಶ ಪರವಾನಗಿ ಪಡೆಯಬೇಕು ಎನ್ನುವುದು ನೆನಪಿರಲಿ.

ಬುಕ್ ಮಾಡುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಇದು: ‘ದೋಣಿ ನಮ್ಮನ್ನು ಬೀಚಿಗೆ ಬಿಡುತ್ತದೋ, ನಡುನೀರಿನಲ್ಲಿ ಇಳಿಸುತ್ತದೋ?’

ದೋಣಿಯ ಲಾಭ, ದೋಣಿಯ ಮಿತಿ

ದೋಣಿಯಲ್ಲಿ ಹೋದರೆ ಸಿಗುವ ದೊಡ್ಡ ಲಾಭ ಮೀನು, ಹವಳ ಅಲ್ಲ. ಆ ನೀರನ್ನು ದಿನವೂ ನೋಡುವ ಒಬ್ಬ ಮನುಷ್ಯ ಜೊತೆಯಲ್ಲಿರುತ್ತಾನೆ ಎನ್ನುವುದೇ ದೊಡ್ಡ ಲಾಭ. ಇವತ್ತು ಸೆಳೆತ ಯಾವ ಕಡೆಗಿದೆ, ಎಲ್ಲಿ ಇಳಿಯಬಾರದು ಎಂಬುದು ಅವನಿಗೆ ಗೊತ್ತು. ನೀರು ತಿಳಿಯಾಗಿರುವ, ಜನ ಕಡಿಮೆ ಇರುವ ಜಾಗಕ್ಕೂ ದೋಣಿ ಮುಟ್ಟಿಸುತ್ತದೆ.

ಮಿತಿಯೂ ಇದೆ. ಗಡಿಯಾರ ಅವರದು. ನೀರಿನಲ್ಲಿ ಸಿಗುವ ಸಮಯ ಕಡಿಮೆ. ಎಷ್ಟೋ ಜನ ಮಾಸ್ಕ್‌ಗೆ, ಬಾಯಿಂದ ಉಸಿರಾಡುವುದಕ್ಕೆ ಒಗ್ಗಿಕೊಳ್ಳುವ ಹೊತ್ತಿಗೆ ‘ಟೈಮ್ ಆಯಿತು’ ಎಂಬ ಕೂಗು ಬರುತ್ತದೆ. ಬಯಲುಸೀಮೆಯ ನಮಗೆ ದೋಣಿಯ ಓಲಾಟಕ್ಕೆ ಹೊಟ್ಟೆ ತೊಳಸುವುದೂ ಸಾಮಾನ್ಯ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಹಗುರವಾಗಿ ಎರಡು ಇಡ್ಲಿ ತಿಂದು ಹೊರಡುವುದು ಒಳ್ಳೆಯದು. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯ ಪೂರಿಯೂ ಬೇಡ. ಮಾತ್ರೆ ಬೇಕಿದ್ದವರು ವೈದ್ಯರನ್ನು ಕೇಳಿ, ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ಪ್ರಯೋಜನವಿಲ್ಲ.

ದೋಣಿ ಎಂದ ಮಾತ್ರಕ್ಕೆ ಸುರಕ್ಷಿತ ಎಂದೂ ಅಲ್ಲ. 2014ರ ಜನವರಿ 26ರಂದು ಪೋರ್ಟ್ ಬ್ಲೇರ್ ಬಳಿ ಪ್ರವಾಸಿಗರ ದೋಣಿಯೊಂದು ಮಗುಚಿ 20ಕ್ಕೂ ಹೆಚ್ಚು ಜನ ತೀರಿಕೊಂಡರು. ಅದರಲ್ಲಿ ಮಿತಿಗಿಂತ ಬಹಳ ಹೆಚ್ಚು ಜನರನ್ನು ಹತ್ತಿಸಲಾಗಿತ್ತು. ಆದ್ದರಿಂದ ಹತ್ತುವ ಮೊದಲು ನಾವೇ ಮೂರು ಸಂಗತಿ ನೋಡಬೇಕು. ದೋಣಿಯ ಮೇಲೆ ಬರೆದಿರುವ ಮಿತಿ ಎಷ್ಟು, ಹತ್ತಿದವರು ಎಷ್ಟು? ಪ್ರತಿಯೊಬ್ಬರಿಗೂ, ಮಕ್ಕಳ ಅಳತೆಯಲ್ಲೂ ಲೈಫ್ ಜಾಕೆಟ್ ಇದೆಯೇ, ಅದರ ಬಕಲ್ ಕೂರುತ್ತದೆಯೇ? ನೀರಿಗಿಳಿದಾಗ ದೋಣಿಯ ಮೇಲೆ ಒಬ್ಬರಾದರೂ ನಿಂತು ತಲೆ ಎಣಿಸುತ್ತಿರುತ್ತಾರೆಯೇ? ಇದರಲ್ಲಿ ಒಂದಕ್ಕೆ ‘ಅಡ್ಜಸ್ಟ್ ಮಾಡಿಕೊಳ್ಳಿ ಸಾರ್’ ಎಂಬ ಉತ್ತರ ಬಂದರೆ ಹತ್ತಬಾರದು. ಕೊಟ್ಟ ಮುಂಗಡ ಹೋದರೆ ಹೋಗಲಿ.

ದಡದ ಲಾಭ, ದಡದ ಮೋಸ

ದಡದಿಂದ ಇಳಿಯುವುದರಲ್ಲಿ ನಿಜವಾದ ಸುಖವಿದೆ. ಸಮಯ ನಮ್ಮದು. ಸೊಂಟದವರೆಗಿನ ನೀರಿನಲ್ಲಿ ನಿಂತು, ಮುಖ ಮಾತ್ರ ಮುಳುಗಿಸಿ, ಹತ್ತು ಸಲ ಉಸಿರಾಡಿ ಅಭ್ಯಾಸ ಮಾಡಬಹುದು. ಭಯವಾದರೆ ಎದ್ದು ನಿಲ್ಲಬಹುದು. ಅಜ್ಜಿ ತಾತ ನೆರಳಿನಲ್ಲಿ ಕೂತು ನೋಡಬಹುದು. ಖರ್ಚೂ ಕಡಿಮೆ. ಶಾಂತವಾದ ಲಗೂನ್ ಸಿಕ್ಕಿದರೆ ಮೊದಲ ಸಲ ಕಲಿಯುವವರಿಗೆ ದೋಣಿಗಿಂತ ದಡವೇ ಒಳ್ಳೆಯ ಪಾಠಶಾಲೆ.

ಮೋಸ ಎಲ್ಲಿದೆ ಎಂದರೆ, ದಡದಲ್ಲಿ ‘ಇದು ಸುಲಭ’ ಎನ್ನಿಸುವುದರಲ್ಲಿ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಬೀಚಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮುಳಬಾಗಿಲು ನಮ್ಮ ಹಾಗೆಯೇ ಆಂಧ್ರದ ಗಡಿಯ, ನಮ್ಮ ಹಾಗೆಯೇ ಸಮುದ್ರ ಕಾಣದ ಸೀಮೆ. ಆ ಮಕ್ಕಳು ಆಳಕ್ಕೆ ಈಜಲು ಹೋದವರಲ್ಲ, ಅಲೆಯಲ್ಲಿ ಆಡಲು ಇಳಿದವರು. ದಡದಲ್ಲಿ ಬೀಳುವ ಅಲೆಯ ನೀರು ಎಲ್ಲೋ ಒಂದು ಕಡೆ ಸೇರಿ ಹೊಳೆಯಂತೆ ವಾಪಸ್ ಕಡಲಿಗೆ ಓಡುತ್ತದೆ. ಆ ಸೆಳೆತದ ದಾರಿಯಲ್ಲಿ ಅಲೆ ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ. ತಿಳಿಯದವರು ಅಲ್ಲೇ ಇಳಿಯುತ್ತಾರೆ.

ಸೆಳೆತಕ್ಕೆ ಸಿಕ್ಕಿದರೆ ದಡಕ್ಕೆ ಎದುರಾಗಿ ಈಜಿ ಸುಸ್ತಾಗಬಾರದು. ಮೊದಲು ತೇಲಬೇಕು, ಕೈ ಎತ್ತಿ ಬೀಸಬೇಕು, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ದಡದಲ್ಲಿರುವವರು ನೆನಪಿಡಬೇಕಾದದ್ದು ಇನ್ನೊಂದು: ಮುಳುಗುವವರು ಸಿನಿಮಾದ ಹಾಗೆ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುವಾಗ ಕೂಗಲು ಉಸಿರೇ ಇರುವುದಿಲ್ಲ. ಅದಕ್ಕೇ ನಾವು ‘ಯಾರ ಕಣ್ಣು’ ಎಂದು ಮತ್ತೆ ಮತ್ತೆ ಕೇಳುತ್ತಿರುವುದು. ಮೊಬೈಲ್‌ನಲ್ಲಿ ಫೋಟೊ ತೆಗೆಯುತ್ತಿರುವ ಕಣ್ಣು ಕಾವಲಿನ ಕಣ್ಣಲ್ಲ.

ಅಂಡಮಾನ್‌ನಲ್ಲಿ ಇನ್ನೂ ಒಂದು ಕಾರಣವಿದೆ. ಅಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರ ಏಪ್ರಿಲ್‌ನಲ್ಲಿ ಹ್ಯಾವ್‌ಲಾಕ್‌ನ ರಾಧಾನಗರ ಬೀಚ್ ಬಳಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಇಂಥದ್ದು ಅಪರೂಪ, ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ಆದರೆ ಎಚ್ಚರಿಕೆಯ ಫಲಕ ಇರುವ ಕಡೆ, ಹಳ್ಳ ಕಡಲಿಗೆ ಸೇರುವ ಕಡೆ, ಕಾಂಡ್ಲಾ ಕಾಡಿನ ಅಂಚಿನಲ್ಲಿ, ಮುಸ್ಸಂಜೆ ಹೊತ್ತಿನಲ್ಲಿ ನೀರಿಗಿಳಿಯುವುದೇ ಬೇಡ. ಸ್ಥಳೀಯರು ಇಳಿಯದ ಜಾಗದಲ್ಲಿ ನಾವೂ ಇಳಿಯಬಾರದು.

ಪಂಚಾಂಗ ನೋಡಿ ಹೊರಡಿ

ಇದು ತಮಾಷೆಯ ಮಾತಲ್ಲ. ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ, ಸೆಳೆತವೂ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್‌ನಲ್ಲೇ ಇಷ್ಟು ಸಿಗುತ್ತದೆ.

ದಡದಿಂದ ಇಳಿಯುವವರಿಗೆ ಇದು ಬಹಳ ಮುಖ್ಯ. ಭರತ್‌ಪುರದಂಥ ಕಡೆ ನೀರು ಪೂರ್ತಿ ಇಳಿದಾಗ ಹವಳ ಮೇಲೆದ್ದು ಕಾಣುತ್ತದೆ. ಆಗ ಈಜಲು ಆಳವಿಲ್ಲ, ನಡೆದರೆ ಹವಳ ಮುರಿಯುತ್ತದೆ, ನಮ್ಮ ಕಾಲೂ ಕೊಯ್ಯುತ್ತದೆ. ಉಬ್ಬರದ ಹೊತ್ತನ್ನು ಉಳಿದುಕೊಂಡ ಕಡೆ ಕೇಳಿ ತಿಳಿದುಕೊಂಡು, ಅದಕ್ಕೆ ತಕ್ಕಂತೆ ಹೊರಡಬೇಕು. ದೋಣಿಯವರಾದರೆ ಆ ಲೆಕ್ಕವನ್ನು ಅವರೇ ಹಾಕಿರುತ್ತಾರೆ.

ತಿಂಗಳ ಲೆಕ್ಕವೂ ಇದೆ. ನೇತ್ರಾಣಿಗೆ ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಮಾತ್ರ ದೋಣಿಗಳು ಹೋಗುತ್ತವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ. ಅಂಡಮಾನ್‌ಗೆ ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಇದರಲ್ಲಿ ಗಡಿನಾಡಿನ ನಮಗೆ ಒಂದು ಅನುಕೂಲವಿದೆ. ಆಂಧ್ರದ ಶಾಲೆಗಳಲ್ಲಿ ಸಂಕ್ರಾಂತಿ ರಜೆ ಉದ್ದ. ಸಮುದ್ರ ಶಾಂತವಾಗಿರುವ ಕಾಲವೂ ಅದೇ. ಬೆಂಗಳೂರಿನ ಬಂಧುಗಳ ಜೊತೆ ಮೇ ಕೊನೆಗೆ ಹೊರಡುವುದಕ್ಕಿಂತ ಜನವರಿಯಲ್ಲಿ ಹೊರಡುವುದೇ ಮೇಲು.

ಮನೆಯವರನ್ನು ನೋಡಿ ಆಯ್ಕೆ ಮಾಡಿ

ಇಷ್ಟು ತಿಳಿದ ಮೇಲೆ ಆಯ್ಕೆ ಕಷ್ಟವಲ್ಲ.

ಗುಂಪಿನಲ್ಲಿ ಯಾರಿಗೂ ಈಜು ಬಾರದಿದ್ದರೆ ಗೈಡ್ ಇಲ್ಲದೆ ಇಳಿಯಬಾರದು. ಆಗ ಒಳ್ಳೆಯದು ಎರಡನೆಯ ಬಗೆ, ಅಂದರೆ ದೋಣಿ ಬೀಚಿಗೆ ಬಿಟ್ಟು ಗೈಡ್ ಕೈ ಹಿಡಿದು ಇಳಿಸುವುದು. ಒಬ್ಬ ಗೈಡ್‌ಗೆ ಒಬ್ಬರು, ಹೆಚ್ಚೆಂದರೆ ಇಬ್ಬರು ಎಂದು ಮೊದಲೇ ಮಾತಾಡಿಕೊಳ್ಳಿ.

ಬಾವಿಯ ಈಜು ಬಲ್ಲವರು ಒಬ್ಬಿಬ್ಬರು ಇದ್ದರೆ, ಮೊದಲ ದಿನ ಗೈಡ್ ಜೊತೆ ಹೋಗಿ ಕಲಿತು, ಮರುದಿನ ಶಾಂತವಾದ ಬೀಚಿನಲ್ಲಿ ದಡದಿಂದ ಇಳಿಯಬಹುದು. ಜಾಕೆಟ್ ಆಗಲೂ ಬೇಕು, ಒಬ್ಬರೇ ಇಳಿಯುವುದು ಆಗಲೂ ಬೇಡ. ಇಬ್ಬರು ನೀರಿನಲ್ಲಿ, ಒಬ್ಬರು ದಡದಲ್ಲಿ ಕಾವಲು.

ನೇತ್ರಾಣಿಯಂಥ ನಡುನೀರಿನ ಪ್ರವಾಸ ನೀರಿನ ಭಯ ಇಲ್ಲದವರಿಗೆ. ಜಾಕೆಟ್ ಹಾಕಿದರೂ ಕಾಲಿಗೆ ನೆಲ ಸಿಗದಿದ್ದಾಗ ಗಾಬರಿಯಾಗುವವರನ್ನು ‘ಬಾ, ಏನೂ ಆಗಲ್ಲ’ ಎಂದು ಬಲವಂತ ಮಾಡಬಾರದು. ಗಾಬರಿಯಾದವರು ಮೊದಲು ಮಾಡುವ ಕೆಲಸವೇ ಬಾಯಿಂದ ಕೊಳವೆ ಕೀಳುವುದು.

ಹೃದಯದ ತೊಂದರೆ, ಹತೋಟಿಯಲ್ಲಿಲ್ಲದ ಬಿ.ಪಿ., ಆಸ್ತಮಾ, ಮೂರ್ಛೆ ಇರುವವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು. ಅವರಿಗೆ ಗಾಜಿನ ತಳದ ದೋಣಿ ಇದೆ. ಕೂತಲ್ಲಿಂದಲೇ ಹವಳ ನೋಡಬಹುದು, ಅದರಲ್ಲಿ ಕೀಳರಿಮೆಯೇನೂ ಬೇಡ.

ಬಟ್ಟೆಯ ಮಾತನ್ನೂ ಹೇಳಲೇಬೇಕು. ಸೀರೆ, ದುಪಟ್ಟಾ, ಪಂಚೆ, ಜೀನ್ಸ್ ನೀರಿನಲ್ಲಿ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಮೈತುಂಬ ಮುಚ್ಚುವ, ಉದ್ದ ತೋಳಿನ ಈಜುಡುಗೆ ಅಂಗಡಿಗಳಲ್ಲಿ ಸಿಗುತ್ತದೆ. ಸಂಕೋಚವೂ ಇಲ್ಲ, ಬಿಸಿಲಿಗೆ ಬೆನ್ನು ಸುಡುವುದೂ ಇಲ್ಲ. ಕನ್ನಡಕ ಹಾಕುವವರಿಗೆ ಪವರ್ ಇರುವ ಮಾಸ್ಕ್ ಕೆಲವು ಕಡೆ ದೊರೆಯುತ್ತದೆ, ಕೇಳಿ ನೋಡಿ.

ಭಾಷೆಯೂ ಒಂದು ರಕ್ಷಣೆ

ಗೈಡ್ ಹೇಳಿದ್ದು ಅರ್ಥವಾಗಲೇಬೇಕು. ‘ಉಸಿರು ಬಾಯಲ್ಲಿ’, ‘ಕಾಲು ಊರಬೇಡಿ’, ‘ಕೈ ಬಿಡಬೇಡಿ’ ಎಂಬ ಮೂರು ಮಾತು ಅರೆಬರೆ ಹಿಂದಿಯಲ್ಲಿ ಕೇಳಿ ತಲೆಯಾಡಿಸುವುದು ಅಪಾಯ. ಮುರ್ಡೇಶ್ವರದಲ್ಲಿ ಕನ್ನಡದಲ್ಲೇ ಕೇಳಿ ತಿಳಿಯಬಹುದು, ಮನೆಯ ಹಿರಿಯರೂ ನೇರವಾಗಿ ಪ್ರಶ್ನೆ ಕೇಳಬಹುದು. ಅಂಡಮಾನ್‌ನಲ್ಲಿ ಹಿಂದಿ, ಬಂಗಾಳಿ, ತಮಿಳಿನ ಜೊತೆ ತೆಲುಗು ಮಾತಾಡುವವರೂ ಬಹಳ. ಎರಡು ಭಾಷೆ ಬಲ್ಲ ಗಡಿನಾಡಿನವರಿಗೆ ಇದು ಉಪಯೋಗಕ್ಕೆ ಬರುವ ಜಾಗ. ತೆಲುಗಿನ ಗೈಡ್ ಇದ್ದಾರೆಯೇ ಎಂದು ಧೈರ್ಯವಾಗಿ ಕೇಳಿ. ನೀರಿಗಿಳಿಯುವ ಮೊದಲು ‘ಸರಿಯಿದೆ’, ‘ಸಾಕು’, ‘ಸಹಾಯ ಬೇಕು’ ಎಂಬುದಕ್ಕೆ ಕೈಸನ್ನೆ ಯಾವುದು ಎಂದು ಎಲ್ಲರೂ ಒಮ್ಮೆ ಮಾಡಿ ತೋರಿಸಿ.

ಹವಳಕ್ಕೂ ಜೀವವಿದೆ

ಹವಳ ಕಲ್ಲಲ್ಲ, ಸಣ್ಣ ಸಣ್ಣ ಪ್ರಾಣಿಗಳು ಕಟ್ಟಿದ ಊರು. ಒಂದು ಸಲ ಕಾಲಿಟ್ಟರೆ ವರ್ಷಗಟ್ಟಲೆ ಬೆಳೆದದ್ದು ಮುರಿಯುತ್ತದೆ. 2024ರಲ್ಲಿ ಕಡಲ ನೀರು ಹೆಚ್ಚು ಬಿಸಿಯಾಗಿ ಲಕ್ಷದ್ವೀಪದ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡವು. ಆದ್ದರಿಂದ ಫೋಟೊದಲ್ಲಿ ಕಂಡಷ್ಟು ಬಣ್ಣ ಎಲ್ಲ ಕಡೆ ಕಾಣದಿದ್ದರೆ ಗೈಡ್‌ನ ಮೇಲೆ ರೇಗಬೇಡಿ. ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳನ್ನು ಸರದಿಯಂತೆ ಒಂದಾದ ಮೇಲೊಂದು ತೆರೆಯುವುದೂ, ಅಲ್ಲಿಗೆ ಪ್ಲಾಸ್ಟಿಕ್ ಒಯ್ಯಲು ಬಿಡದಿರುವುದೂ ಹವಳಕ್ಕೆ ಬಿಡುವು ಸಿಗಲೆಂದೇ.

ಮನೆಯ ದೇವರ ಕೋಣೆಗೋ ಷೋಕೇಸಿಗೋ ಎಂದು ಹವಳದ ತುಂಡು ತರುವ ಆಸೆ ಬೇಡ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ದಡದಲ್ಲಿ ಬಿದ್ದ ತುಂಡು ಎಂದರೂ ವಿಮಾನ ನಿಲ್ದಾಣದಲ್ಲಿ ಕೇಳುವವರಿಲ್ಲ.

ಹೊರಡುವ ಮೊದಲು ಒಂದು ಭಾನುವಾರ

ಕೊನೆಗೆ ಒಂದು ಸಲಹೆ. ಮಾಸ್ಕ್ ಮತ್ತು ಕೊಳವೆಯನ್ನು ಮೊದಲ ಸಲ ಸಮುದ್ರದಲ್ಲಿ ಹಾಕಿಕೊಳ್ಳಬೇಡಿ. ಹೊರಡುವ ಮೊದಲು ಬೆಂಗಳೂರಿನಲ್ಲೋ ಅನಂತಪುರದಲ್ಲೋ ಈಜುಕೊಳ ಇರುವ ಕಡೆ ಒಂದು ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಅಭ್ಯಾಸ ಮಾಡಿ. ಬಾಯಿಂದ ಉಸಿರಾಡುವುದು, ಕೊಳವೆಗೆ ನೀರು ಬಂದರೆ ಜೋರಾಗಿ ಊದಿ ಹೊರಹಾಕುವುದು, ಜಾಕೆಟ್‌ನಲ್ಲಿ ಅಂಗಾತ ತೇಲುವುದು, ಈ ಮೂರೇ ಸಾಕು. ಯಾರಿಗೆ ಭಯ, ಯಾರಿಗೆ ಖುಷಿ ಎಂಬುದು ಅಲ್ಲೇ ಗೊತ್ತಾಗುತ್ತದೆ. ದೋಣಿಯೋ ದಡವೋ ಎಂಬ ತೀರ್ಮಾನವನ್ನು ಆ ಭಾನುವಾರದ ನಂತರ ಮಾಡಿದರೆ ಸರಿಯಾದ ತೀರ್ಮಾನವೇ ಆಗುತ್ತದೆ.

ಈಗಾಗಲೇ ಹೋಗಿ ಬಂದ ಸದಸ್ಯರು ತಮ್ಮ ಅನುಭವವನ್ನು ಒಂದು ಪುಟದಲ್ಲಿ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಯಾವ ತಿಂಗಳು ಹೋದಿರಿ, ನೀರು ಹೇಗಿತ್ತು, ಈಜು ಬಾರದವರನ್ನು ಯಾರು ನೋಡಿಕೊಂಡರು ಎಂಬುದನ್ನು ಮರೆಯದೆ ಬರೆಯಿರಿ. ಹೊರಡುವವರಿಗೆ ಅದರಿಂದ ತುಂಬ ಉಪಕಾರವಾಗುತ್ತದೆ.

ಎಲ್ಲರಿಗೂ ಶುಭ ಪ್ರಯಾಣ. ಹೋದಷ್ಟೇ ಜನ ಮನೆಗೆ ಮರಳಿ ಬನ್ನಿ.